ಮಿದುಳು ಚಿತ್ರಣ ಸಂಶೋಧಕರ ಪ್ರಕಟಣಾ ದಾಖಲೆಯನ್ನು ಓದುವ ಕ್ರಮ

ನರವಿಜ್ಞಾನ ಮತ್ತು ಮಿದುಳು ಚಿತ್ರಣದ ಸಂಶೋಧಕರೊಬ್ಬರ ಪ್ರಕಟಣೆಗಳನ್ನು ಪರಿಶೀಲಿಸುವವರು ಮೊದಲು ಆ ಲೇಖನಗಳೆಲ್ಲ ಅವರವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಒಂದೇ ಹೆಸರಿನವರು ಹಲವರಿರುವುದರಿಂದ, ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹೆಸರನ್ನಷ್ಟೇ ಹುಡುಕದೆ, ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿರುವ 16 ಅಂಕಿಗಳ ಆರ್ಕಿಡ್ (ORCID) ಗುರುತಿನೊಂದಿಗೆ ತಾಳೆ ನೋಡುವುದು ಒಳ್ಳೆಯದು.

ಬಳಿಕ ಲೇಖಕರ ಅನುಕ್ರಮವನ್ನು ಗಮನಿಸಿ. ಈ ಕ್ಷೇತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚಿನ ಕೆಲಸ ಮಾಡಿದವರದು, ಕೊನೆಯದು ತಂಡದ ಮುಖ್ಯಸ್ಥರದು. ಎನಿಗ್ಮಾದಂತಹ (ENIGMA) ಅಂತರರಾಷ್ಟ್ರೀಯ ಸಂಶೋಧನಾ ಒಕ್ಕೂಟಗಳ ಲೇಖನಗಳಲ್ಲಿ ನೂರಾರು ಹೆಸರುಗಳಿರಬಹುದಾದ್ದರಿಂದ, ಅಲ್ಲಿ ಒಬ್ಬರ ಪಾಲನ್ನು ಅರಿಯಲು ಕೊಡುಗೆಗಳ ವಿವರಣೆಯನ್ನೇ ಓದಬೇಕು.

ಇನ್ನು ಉಲ್ಲೇಖಗಳನ್ನು ಎಣಿಸುವ ಅಳತೆ: 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕ ಒಬ್ಬರಿಗೆ 20 ಇದ್ದರೆ, ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಲೇಖನಗಳಿವೆ ಎಂದರ್ಥ. ಲೇಖಕರ ಪಾತ್ರವನ್ನಾಗಲಿ ಫಲಿತಾಂಶದ ಗಟ್ಟಿತನವನ್ನಾಗಲಿ ಅದು ತಿಳಿಸುವುದಿಲ್ಲ.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಬಹುಪಾಲು ಸಮಯವನ್ನು ಮೀಸಲಿಡಬೇಕಾದದ್ದು ಆಯ್ದ ಕೆಲವು ಲೇಖನಗಳ ವಿಧಾನ ವಿಭಾಗಕ್ಕೆ. ಭಾಗವಹಿಸಿದವರು ಎಷ್ಟು ಮಂದಿ, ಸಾವಿರಾರು ವಾಕ್ಸೆಲ್‌ಗಳನ್ನು (ಮಿದುಳಿನ ಚಿತ್ರದ ಪುಟ್ಟ ಘನಾಕಾರದ ತುಣುಕುಗಳನ್ನು) ಏಕಕಾಲಕ್ಕೆ ಪರೀಕ್ಷಿಸುವಾಗ ಆಕಸ್ಮಿಕ ಫಲಿತಾಂಶಗಳನ್ನು ತಡೆಯಲು ಸಂಖ್ಯಾಶಾಸ್ತ್ರೀಯ ತಿದ್ದುಪಡಿ ಮಾಡಲಾಗಿದೆಯೇ, ಸ್ಕ್ಯಾನ್ ಸಮಯದಲ್ಲಿ ತಲೆಯ ಚಲನೆಯನ್ನು ಹೇಗೆ ನಿಭಾಯಿಸಲಾಗಿದೆ ಎಂಬುದನ್ನು ನೋಡಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 70 ತಂಡಗಳು ಒಂದೇ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನ್) ದತ್ತಾಂಶವನ್ನು ವಿಶ್ಲೇಷಿಸಿದಾಗ, ಹಲವು ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರಗಳು ಬಂದವು. ಹೀಗಿರುವಾಗ, ದತ್ತಾಂಶವನ್ನು ಓಪನ್‌ನ್ಯೂರೋದಂತಹ ಮುಕ್ತ ಸಂಗ್ರಹಗಳಲ್ಲಿ ಇರಿಸಿ, ವಿಶ್ಲೇಷಣೆಯ ಕೋಡನ್ನೂ ಮುಕ್ತವಾಗಿ ಹಂಚಿಕೊಂಡವರ ಕೆಲಸಕ್ಕೆ ಹೆಚ್ಚಿನ ತೂಕ ಕೊಡುವುದು ನ್ಯಾಯವೇ ಸರಿ.

ಪೂರ್ವಮುದ್ರಣಗಳನ್ನು (ತಜ್ಞರ ಪರಿಶೀಲನೆಗೆ ಮುನ್ನವೇ ಹಂಚಿಕೊಂಡ ಕರಡುಗಳನ್ನು) ತಜ್ಞರ ಪರಿಶೀಲನೆಗೆ ಒಳಗಾದ ಲೇಖನಗಳಿಂದ ಬೇರ್ಪಡಿಸಿ, ಹಿಂಪಡೆದ ಲೇಖನಗಳಿದ್ದರೆ ಅದರ ಕಾರಣವನ್ನು ತಪ್ಪದೆ ಓದಿ.