ಸ್ಕೂಟರ್ ಚಾರ್ಜಿಂಗ್ ಪಾಯಿಂಟ್: ಪ್ಲಗ್ ಮುಟ್ಟಿ ನೋಡಿದ್ದೀರಾ?

ಹುಬ್ಬಳ್ಳಿಯ ನಮ್ಮ ಮನೆಗೆ ಎಲೆಕ್ಟ್ರಿಕ್ ಸ್ಕೂಟರ್ ಬಂದ ಹೊಸದರಲ್ಲಿ ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಚಾರ್ಜ್ ಮಾಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ಪ್ಲಗ್ ಕೀಳಲು ಹೋದರೆ ಬರಲೇ ಇಲ್ಲ. ಜೋರಾಗಿ ಜಗ್ಗಿದೆ. ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿತ್ತು. ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿತ್ತು.

ನನ್ನ ಚಾರ್ಜರ್ 750 ವ್ಯಾಟ್‌ನದು. ಅಂದರೆ ಮೂರೂವರೆ ಆಂಪಿಯರ್ ಕೂಡ ಇಲ್ಲ. ಮಿಕ್ಸರ್ ಕೂಡ ಅಷ್ಟೇ ಎಳೆಯುತ್ತದೆ, ಆದರೆ ಐದು ನಿಮಿಷ. ಇದು ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ ಸಡಿಲ ಇದ್ದರೆ ಅಲ್ಲೇ ಬಿಸಿ ಕೂಡುತ್ತಾ ಹೋಗುತ್ತದೆ.

ಆಮೇಲೆ ವೈರ್‌ಮನ್ ಕರೆಸಿದೆ. ಈ ಕೆಲಸ ನೀವೇ ಮಾಡಬೇಡಿ. ಮೀಟರ್ ಬೋರ್ಡಿನಿಂದ ಬೇರೆಯದೇ ಲೈನ್ ಎಳೆಸಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕಿತ್ತು, ಮುಂದೆ ಕಾರು ಬಂದರೆ ಎಂದು ನಾನು 4 ಹಾಕಿಸಿದೆ. 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಎಂಸಿಬಿ ಇದೆಯಲ್ಲ ಎಂದು ಆರ್‌ಸಿಸಿಬಿ ಬಿಡಬೇಡಿ. ಎಂಸಿಬಿ ವೈರ್ ಕಾಯುತ್ತದೆ, ನಿಮ್ಮನ್ನು ಕಾಯುವುದು ಆರ್‌ಸಿಸಿಬಿ. ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಕೂರಿಸುವ ಅಡಾಪ್ಟರ್ ಬೇಡವೇ ಬೇಡ.

ನಮ್ಮ ಕಡೆ ತಲೆನೋವು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಗುಂಡಿಯಲ್ಲಿ ಹೂತ ಪೈಪು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಪೈಪಿನಿಂದ ದೂರ ಸರಿಯುತ್ತದೆ. ಇದ್ದಿಲು, ಉಪ್ಪು ತುಂಬಿಸಿದ್ದರೂ ಒಣಗಿದರೆ ಸುಮ್ನೆ. ಮಾರ್ಚ್‌ನಿಂದ ಮೇವರೆಗೆ ಗುಂಡಿಗೆ ನೀರು ಬೇಕು. ನಮ್ಮ ಅವ್ವ ತುಳಸಿಗೆ ಹಾಕುವಾಗಲೇ ಅದಕ್ಕೂ ಒಂದು ಕೊಡ ಸುರಿಯುತ್ತಾಳೆ. 'ಇದೂ ಒಂದು ಗಿಡ' ಅನ್ನುತ್ತಾಳೆ.

ಇನ್ನೊಂದು. ಹಳೆಯ ಗಾಡಿಯ ಚಾರ್ಜರ್ ಮೇಲೂ '60 ವೋಲ್ಟ್' ಎಂದೇ ಬರೆದಿರುತ್ತದೆ ಎಂದು ಅದನ್ನು ಸಿಕ್ಕಿಸಬೇಡಿ. ಹಳೆಯ ಗಾಡಿಗಳ ಲೆಡ್-ಆಸಿಡ್ ಬ್ಯಾಟರಿಯ 60 ವೋಲ್ಟ್ ಚಾರ್ಜರ್ ಸುಮಾರು 73 ವೋಲ್ಟ್‌ವರೆಗೆ ಏರಿಸುತ್ತದೆ. 16 ಸೆಲ್ಲಿನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಲಿಥಿಯಂ ಪ್ಯಾಕ್ 67.2ಕ್ಕೇ ತುಂಬಿಬಿಡುತ್ತದೆ, ಅದರ ಮೇಲೆ ಏರಿಸಿದರೆ ಅಪಾಯ. ಗಾಡಿ ಜೊತೆ ಬಂದ ಚಾರ್ಜರೇ ಸರಿ. ಬಿಸಿಲಲ್ಲಿ ಧಾರವಾಡಕ್ಕೆ ಹೋಗಿ ಬಂದಿದ್ದರೆ ಗಾಡಿಯನ್ನು ಅರ್ಧ ಗಂಟೆ ನೆರಳಲ್ಲಿ ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಚ್ಚಿ.

ಹೊಸ ಪಾಯಿಂಟ್‌ನಲ್ಲಿ ಮೊದಲ ಸಲ ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ನಿಗೆ ಬೆರಳ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ. ಚುರ್ ಎಂದರೆ ಸಾಕೆಟ್ ಬದಲಿಸಿ.