ಕೆಗ್ ಇಲ್ಲದೆ ಪೇಲ್ ಏಲ್: ಬಾಟಲಿಗೆ ಗಾಳಿ ಸೇರದ ಹಾಗೆ ನಾನು ತುಂಬುವ ರೀತಿ

ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜಾಸ್ತಿ ಇರುವ ಬಿಯರನ್ನು ಬಾಟಲಿಗೆ ತುಂಬಬೇಡಿ, ಕೆಗ್ (ಗ್ಯಾಸ್ ಒತ್ತಡದಲ್ಲಿ ಬಿಯರ್ ಇಡುವ ಲೋಹದ ಪೀಪಾಯಿ) ತಗೊಳ್ಳಿ ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಹತ್ತಿರ ಕೆಗ್ ಇಲ್ಲ. ಇರುವುದು ಆರೆಗಾನ್‌ನ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಇನ್ನೊಂದು ಫ್ರಿಜ್, ದೊಡ್ಡ ಗ್ಯಾಸ್ ಸಿಲಿಂಡರ್, ಇದಕ್ಕೆಲ್ಲ ಜಾಗ ಎಲ್ಲಿಂದ ತರುವುದು? ಆದರೂ ನಾನು ಮನೆಯಲ್ಲೇ ಮಾಡುವ ಪೇಲ್ ಏಲ್, ಅಂದರೆ ಹಾಪ್ಸ್ ಘಮದ ಹೊಂಬಣ್ಣದ ಬಿಯರ್, ಬಾಟಲಿಯಲ್ಲೇ ಎರಡು ಮೂರು ತಿಂಗಳು ಬಣ್ಣ ಕೆಡದೆ, ಘಮ ಹೋಗದೆ ಇರುತ್ತದೆ. ಇದರಲ್ಲಿ ದುಬಾರಿ ಸಾಮಾನು ಏನೂ ಇಲ್ಲ. ಗಾಳಿ ಎಲ್ಲೆಲ್ಲಿ ಒಳಗೆ ಬರುತ್ತದೆ ಅಂತ ಒಂದೊಂದಾಗಿ ನೋಡಿ ಆ ದಾರಿ ಮುಚ್ಚಬೇಕು, ಅಷ್ಟೇ.

ಶುರು ಮಾಡುವ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ಮಾಡಲು ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಲ್ಲಿರುವವರು ಓದಿ ತಿಳಿದುಕೊಳ್ಳಿ, ಮಾಡಲು ಹೋಗಬೇಡಿ.

ಆಕ್ಸಿಜನ್ ಬಿಯರಿಗೆ ಏನು ಮಾಡುತ್ತದೆ? ಹೆಚ್ಚಿಟ್ಟ ಬದನೆಕಾಯಿಗೆ ಗಾಳಿ ಏನು ಮಾಡುತ್ತದೋ ಹೆಚ್ಚುಕಡಿಮೆ ಅದೇ. ಬದನೆಕಾಯಿಯನ್ನಾದರೆ ನೀರಿಗೆ ಹಾಕಿ ಉಳಿಸಿಕೊಳ್ಳುತ್ತೇವೆ, ಬಿಯರನ್ನು ಹಾಗೆ ಮುಳುಗಿಸಿಡಲು ಆಗುವುದಿಲ್ಲ. ಹಳೆಯ ಲಾಗರ್‌ನಲ್ಲಿ ಬರುವ ಒದ್ದೆ ರಟ್ಟಿನ ವಾಸನೆ ಎಲ್ಲರಿಗೂ ಗೊತ್ತು. ಅದಕ್ಕೆ ಮುಖ್ಯ ಕಾರಣ ಅಂತ ಹೇಳುವುದು ಟ್ರಾನ್ಸ್-2-ನೊನೆನಾಲ್ ಅನ್ನುವ ವಸ್ತು. ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಸಿಕ್ಕಿಬಿಡುತ್ತದೆ. ಆದರೆ ಹಾಪ್ಸ್ ಬಿಯರ್ ಆ ರಟ್ಟಿನ ವಾಸನೆ ಬರುವವರೆಗೂ ಕಾಯುವುದೇ ಇಲ್ಲ. ಮೊದಲು ಘಮ ಹೋಗುತ್ತದೆ. ಆಮೇಲೆ ಜೇನುತುಪ್ಪದ ಥರ ಒಂದು ಮಂಕು ಸಿಹಿ ಬರುತ್ತದೆ, ಹೊಂಬಣ್ಣ ಕಂದಾಗುತ್ತದೆ. ಸಿಟ್ರಾ, ಮೊಸಾಯಿಕ್ ಅಂತ ಹಾಪ್ಸ್ ತಳಿಗಳನ್ನು ದುಡ್ಡು ಕೊಟ್ಟು ತಂದು ಹಾಕಿದ್ದೆಲ್ಲ ಕೆಲವೇ ವಾರಗಳಲ್ಲಿ ಹೋಯಿತು ಅಂದರೆ ಬೇಜಾರಾಗುವುದಿಲ್ವಾ? ಕ್ಯಾಸ್ಕೇಡ್ ಹಾಪ್ಸ್ ಹುಟ್ಟಿದ್ದು ಇದೇ ಆರೆಗಾನ್‌ನಲ್ಲಿ, ಬೆಳೆಯಲು ಬಿಡುಗಡೆಯಾಗಿದ್ದು 1972ರಲ್ಲಿ. ಅದರ ಆ ಚಕ್ಕೋತದ ಘಮ ಕೊನೆಯ ಬಾಟಲಿವರೆಗೂ ಇರಬೇಕು ಅನ್ನುವುದೇ ನನ್ನ ಹಟ.

ಈಗ ಒಂದು ಲೆಕ್ಕ. ನನ್ನ ಕಣ್ಣು ತೆರೆಸಿದ್ದು ಇದೇ. 355 ಮಿಲಿ ಬಾಟಲಿಗೆ ವಾಂಡ್ (ತುದಿ ಒತ್ತಿದಾಗ ಮಾತ್ರ ಬಿಯರ್ ಬಿಡುವ ಉದ್ದ ಕೊಳವೆ) ಹಾಕಿ ಬಾಯಿವರೆಗೂ ತುಂಬಿಸಿ, ವಾಂಡ್ ಹೊರಗೆ ತೆಗೆದರೆ ಕತ್ತಿನಲ್ಲಿ ಸುಮಾರು 20 ಮಿಲಿ ಜಾಗ ಖಾಲಿ ಉಳಿಯುತ್ತದೆ. ಅಷ್ಟು ಗಾಳಿಯಲ್ಲಿ ಐದರಲ್ಲೊಂದು ಪಾಲು ಆಕ್ಸಿಜನ್, ಅಂದರೆ 4 ಮಿಲಿಗಿಂತ ಸ್ವಲ್ಪ ಜಾಸ್ತಿ. ತೂಕದಲ್ಲಿ ಐದೂವರೆ ಮಿಲಿಗ್ರಾಂ. ಅದನ್ನು ಬಿಯರಿಗೆ ಹಂಚಿದರೆ ಲೀಟರಿಗೆ ಸುಮಾರು 16 ಮಿಲಿಗ್ರಾಂ ಆಯಿತು. ದೊಡ್ಡ ಬ್ರೂವರಿಗಳು ಬಾಟಲಿಯೊಳಗೆ ಒಟ್ಟು ಆಕ್ಸಿಜನ್ ಲೀಟರಿಗೆ 0.1 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಲು ಒದ್ದಾಡುತ್ತವೆ. ನಾವು ಅದರ ನೂರೈವತ್ತು ಪಟ್ಟು ಗಾಳಿಯನ್ನು ಕತ್ತಿನಲ್ಲಿ ಬಿಟ್ಟು ಮುಚ್ಚಳ ಒತ್ತುತ್ತೇವೆ. ತುಂಬುವಾಗ ಬಿಯರ್ ತುಳುಕಬಾರದು, ನೊರೆ ಏಳಬಾರದು ಅಂತ ಉಸಿರು ಬಿಗಿಹಿಡಿದು ಕೆಲಸ ಮಾಡುವವರೂ ಈ ಕತ್ತಿನ ಕಡೆ ನೋಡುವುದಿಲ್ಲ. ನನ್ನ ಪ್ರಕಾರ ಬಾಟಲಿ ತುಂಬುವವರ ಅತಿ ದೊಡ್ಡ ಶತ್ರು ಈ ಖಾಲಿ ಕತ್ತು. ಉಳಿದದ್ದೆಲ್ಲ ಆಮೇಲೆ.

ಆದರೆ ಕೆಲಸ ಶುರುವಾಗುವುದು ಬಾಟಲಿಗಿಂತ ಮೊದಲೇ, ಬಿಯರ್ ಹುದುಗುವ ಪಾತ್ರೆಯಾದ ಫರ್ಮೆಂಟರ್‌ನಲ್ಲಿ. ಯೀಸ್ಟ್ ಹಾಕುವ ಹೊತ್ತಿಗೆ ಆಕ್ಸಿಜನ್ ಬೇಕು, ಅದು ಯೀಸ್ಟಿಗೆ ಊಟ ಇದ್ದ ಹಾಗೆ. ಹುದುಗು ಎದ್ದ ಮೇಲೆ ಮಾತ್ರ ಮುಚ್ಚಳ ತೆಗೆಯಬಾರದು. ಡ್ರೈ ಹಾಪ್ಸ್ (ಘಮಕ್ಕಾಗಿ ಕುದಿಸದೆ ಹಾಕುವ ಹಾಪ್ಸ್) ಹಾಕಲು ಒಂದೇ ಒಂದು ಸಲ ತೆಗೆಯುತ್ತೇನೆ, ಅದೂ ಹುದುಗುವಿಕೆ ಪೂರ್ತಿ ನಿಲ್ಲುವ ಮೊದಲು, ಗ್ರಾವಿಟಿ (ಎಷ್ಟು ಸಕ್ಕರೆ ಉಳಿದಿದೆ ಅಂತ ತೋರಿಸುವ ಸಾಂದ್ರತೆಯ ಅಳತೆ) ಇನ್ನೂ ನಾಲ್ಕೈದು ಪಾಯಿಂಟ್ ಇಳಿಯುವುದಿದೆ ಅನ್ನುವಾಗ. ಆಗ ಒಳಗೆ ಹೋದ ಗಾಳಿಯ ಬಹುಪಾಲನ್ನು ಯೀಸ್ಟೇ ತಿಂದುಹಾಕುತ್ತದೆ. ಇದರಲ್ಲಿ ಒಂದು ಎಚ್ಚರಿಕೆ ಇದೆ. ಹಾಪ್ಸ್‌ನಲ್ಲಿರುವ ಎಂಜೈಮ್‌ಗಳು ಉಳಿದ ಪಿಷ್ಟದ ತುಂಡುಗಳನ್ನು ಒಡೆದು ಮತ್ತೆ ಸಕ್ಕರೆ ಮಾಡುತ್ತವೆ, ಗ್ರಾವಿಟಿ ನಿಂತಂತೆ ಕಂಡು ಮತ್ತೆ ನಿಧಾನವಾಗಿ ಇಳಿಯಲು ಶುರುವಾಗುತ್ತದೆ. ಆತುರಪಟ್ಟು ತುಂಬಿಸಿದರೆ ಬಾಟಲಿ ಸಿಡಿಯಬಹುದು. ಮೂರು ದಿನ ಬಿಟ್ಟು ಎರಡನೇ ಸಲ ನೋಡಿದಾಗಲೂ ಗ್ರಾವಿಟಿ ಅಷ್ಟೇ ಇದ್ದರೆ ಮಾತ್ರ ತುಂಬಿಸಿ. ಗಾಜು ಸಿಡಿದು ಕಣ್ಣಿಗೆ ಬಡಿದರೆ ಯಾವ ಬಿಯರೂ ಅದಕ್ಕೆ ಸಮವಲ್ಲ.

ಬಾಟಲಿಗೆ ಬಿಡುವ ಮೊದಲು ಮಡ್ಡಿ ತಳಕ್ಕೆ ಇಳಿಯಲಿ ಅಂತ ತಣ್ಣಗೆ ಮಾಡುವಾಗ ಗಾಳಿಗೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಿದರೆ ಮೇಲಿನ ಗ್ಯಾಸ್ ಕುಗ್ಗುತ್ತದೆ, ಜೊತೆಗೆ ತಣ್ಣನೆ ಬಿಯರ್ ಕಾರ್ಬನ್ ಡೈಆಕ್ಸೈಡನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಆ ಜಾಗ ತುಂಬಲು ಏರ್‌ಲಾಕ್ (ಹುದುಗುವ ಗ್ಯಾಸನ್ನು ಹೊರಗೆ ಬಿಡುವ ನೀರಿನ ತಡೆ) ಮೂಲಕ ಹೊರಗಿನ ಗಾಳಿ ಗುಳುಗುಳು ಅಂತ ಒಳಗೆ ಬರುತ್ತದೆ. ನಲ್ಲಿ ತಿರುಗಿಸಿ ಬಾಟಲಿಗೆ ಬಿಡುವಾಗಲೂ ಹಾಗೇ, ಎಷ್ಟು ಬಿಯರ್ ಹೊರಗೆ ಹೋಯಿತೋ ಅಷ್ಟು ಗಾಳಿ ಒಳಗೆ. ಇದಕ್ಕೆ ಮದ್ದು ಬಿಯರಿನಲ್ಲೇ ಇದೆ. 19 ಲೀಟರ್ ಪೇಲ್ ಏಲ್ ಹುದುಗುವಾಗ ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನಾವು ಅದನ್ನೆಲ್ಲ ಸುಮ್ನೆ ಏರ್‌ಲಾಕ್‌ನಿಂದ ಹೊರಗೆ ಬಿಟ್ಟುಬಿಡುತ್ತೇವೆ. ನಾನು ಹುದುಗು ಜೋರಾಗಿ ಏಳುವಾಗ ಮೊದಲ ಗ್ಯಾಸನ್ನು ಹೊರಗೆ ಬಿಟ್ಟು, ಆಮೇಲೆ ಏರ್‌ಲಾಕ್ ಜಾಗಕ್ಕೆ ಟ್ಯೂಬ್ ಹಾಕಿ, ಹುಟ್ಟುಹಬ್ಬಕ್ಕೆ ಕಟ್ಟುವ ಹೊಳೆಯುವ ಮೈಲಾರ್ ಬಲೂನುಗಳಿಗೆ ತುಂಬಿಸಿ ಕ್ಲಿಪ್ ಹಾಕಿಡುತ್ತೇನೆ. ರಬ್ಬರ್ ಬಲೂನು ಬೇಡ, ಅದರಿಂದ ಗ್ಯಾಸ್ ಬೇಗ ಸೋರುತ್ತದೆ. ತಣ್ಣಗೆ ಮಾಡುವಾಗ ಮತ್ತು ಬಾಟಲಿಗೆ ಬಿಡುವಾಗ ಆ ಬಲೂನುಗಳನ್ನು ಒಂದಾದ ಮೇಲೊಂದು ಜೋಡಿಸುತ್ತೇನೆ. ಒಳಗೆ ಹೋಗುವುದು ಅದರದ್ದೇ ಗ್ಯಾಸ್.

ಇಲ್ಲಿ ಒಂದು ತಪ್ಪು ತಿಳುವಳಿಕೆಯ ಬಗ್ಗೆ ಹೇಳಲೇಬೇಕು. ಕಾರ್ಬನ್ ಡೈಆಕ್ಸೈಡ್ ಭಾರ, ಅದು ಬಿಯರಿನ ಮೇಲೆ ಕಂಬಳಿ ಹೊದ್ದ ಹಾಗೆ ಕೂತಿರುತ್ತದೆ, ಮುಚ್ಚಳ ತೆಗೆದರೂ ಪರವಾಗಿಲ್ಲ ಅನ್ನುತ್ತಾರೆ. ಹಾಗೇನೂ ಇಲ್ಲ. ಗ್ಯಾಸ್‌ಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಮುಚ್ಚಳ ತೆಗೆದ ಕೂಡಲೇ ಗಾಳಿ ಒಳಗೆ ಸೇರಲು ಶುರು.

ಇನ್ನು ಸಕ್ಕರೆ. ಬಾಟಲಿಯೊಳಗೆ ಯೀಸ್ಟ್ ಅದನ್ನು ತಿಂದರೇನೇ ಬಿಯರಿಗೆ ಗ್ಯಾಸ್ ಬರುವುದು. ಸಾಮಾನ್ಯವಾಗಿ ಬೇರೆ ಬಕೆಟ್ಟಿನಲ್ಲಿ ಸಕ್ಕರೆ ಪಾಕ ಹಾಕಿ, ಬಿಯರನ್ನು ಅದಕ್ಕೆ ಸುರಿದು, ಕಲಸಿ, ಅಲ್ಲಿಂದ ಬಾಟಲಿಗೆ ಬಿಡುತ್ತಾರೆ. ಆ ಬಕೆಟ್ಟನ್ನೇ ನಾನು ಕೈಬಿಟ್ಟೆ. ಅಷ್ಟು ಅಗಲವಾದ ಬಾಯಿಯ ಪಾತ್ರೆಗೆ ಬಿಯರ್ ಸುರಿಯುವುದು ಗಾಳಿಯನ್ನು ಕರೆದು ಕೂರಿಸಿದ ಹಾಗೆ. ಬದಲಿಗೆ 105 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕುದಿಸಿ, ಆರಿಸಿ, ಒಟ್ಟು 250 ಮಿಲಿ ಪಾಕ ಮಾಡುತ್ತೇನೆ. ಸಿರಿಂಜಿನಲ್ಲಿ ಒಂದೊಂದು ಬಾಟಲಿಗೆ 5 ಮಿಲಿ. ಅಂದರೆ ಬಾಟಲಿಗೆ 2.1 ಗ್ರಾಂ ಸಕ್ಕರೆ, 50 ಬಾಟಲಿಗೆ ಸರಿಹೋಗುತ್ತದೆ. ಹುದುಗಿದ್ದು 20 ಡಿಗ್ರಿ ಆಸುಪಾಸಿನಲ್ಲಿ ಆಗಿದ್ದರೆ ಬಿಯರಿನಲ್ಲಿ ಮೊದಲೇ ಉಳಿದಿರುವುದೂ ಸೇರಿ ಒಟ್ಟು 2.4 ವಾಲ್ಯೂಮ್ (ಬಿಯರಿನ ಅಳತೆಯ 2.4 ಪಟ್ಟು) ಗ್ಯಾಸ್ ಆಗುತ್ತದೆ, ಪೇಲ್ ಏಲಿಗೆ ಅಷ್ಟು ಸಾಕು. ಸಿರಿಂಜ್ ಕೆಲಸ ಬೇಸರ ತರಿಸುತ್ತದೆ ನಿಜ, ಆದರೆ ಎಲ್ಲ ಬಾಟಲಿಗೂ ಒಂದೇ ಅಳತೆ ಹೋಗುತ್ತದೆ.

ಬಾಟಲಿ ಕಂದು ಗಾಜಿನದೇ ಆಗಬೇಕು, ತಿರುಗಿಸಿ ತೆಗೆಯುವ ಮುಚ್ಚಳದ್ದು ಬೇಡ. ತೊಳೆದು, ಸ್ಟಾರ್ ಸ್ಯಾನ್ ಅನ್ನುವ ಸೂಕ್ಷ್ಮಾಣು ಕೊಲ್ಲುವ ದ್ರವ ಬೆರೆಸಿದ ನೀರಲ್ಲಿ ಅದ್ದಿ, ಬಗ್ಗಿಸುತ್ತೇನೆ. ಉಳಿದ ನೊರೆಗೆ ಹೆದರಬೇಡಿ. ಫರ್ಮೆಂಟರಿನ ನಲ್ಲಿಗೆ ಎರಡು ಇಂಚು ಟ್ಯೂಬ್, ಅದಕ್ಕೆ ಸ್ಪ್ರಿಂಗ್ ಇರುವ ವಾಂಡ್. ಟ್ಯೂಬಿನಲ್ಲಿ ಗುಳ್ಳೆ ಕಾಣುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ, ನಿಲ್ಲಿಸಿ ಬಿಗಿ ಮಾಡಿ. ವಾಂಡ್ ತಳ ಮುಟ್ಟಿಸಿ ಕೆಳಗಿನಿಂದ ಮೇಲಕ್ಕೆ ತುಂಬಿಸಿ, ತೆಗೆದ ಮೇಲೆ ಅದರ ತುದಿಯನ್ನು ಕತ್ತಿನ ಒಳಗೋಡೆಗೆ ಒತ್ತಿ ಇನ್ನಷ್ಟು ಬಿಯರನ್ನು ಗೋಡೆಗುಂಟ ಇಳಿಸುತ್ತೇನೆ. ಬಾಯಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ ನಿಲ್ಲಿಸುತ್ತೇನೆ. 20 ಮಿಲಿ ಗಾಳಿ ಇದ್ದ ಕಡೆ ಈಗ 3 ಮಿಲಿ. ಪೂರ್ತಿ ಬಾಯಿವರೆಗೂ ತುಂಬಬೇಡಿ, ಬೆಚ್ಚಗಾದಾಗ ಬಿಯರ್ ಹಿಗ್ಗಲು ಜಾಗ ಬೇಕು.

ಆ 3 ಮಿಲಿ ಗಾಳಿಯನ್ನೂ ಓಡಿಸಲು 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಹಾಕುವ ಕೈಯಳತೆಯ ಸಾಧನ ಇಟ್ಟಿದ್ದೇನೆ. ಕತ್ತಿನ ಹತ್ತಿರ ಒಂದು ಸಣ್ಣ ಉಸಿರಿನಷ್ಟು ಗ್ಯಾಸ್ ಬಿಟ್ಟು, ತಕ್ಷಣ ಮುಚ್ಚಳ ಇಟ್ಟು ಒತ್ತುವುದು. ಒಂದು ಕಾರ್ಟ್ರಿಜ್‌ನಲ್ಲಿ 8 ಲೀಟರಿಗೂ ಜಾಸ್ತಿ ಗ್ಯಾಸ್ ಇರುತ್ತದೆ, ಕೈ ಹಿಡಿತದಲ್ಲಿದ್ದರೆ ಪೂರ್ತಿ ಬ್ಯಾಚಿಗೆ ಒಂದೆರಡು ಸಾಕು. ಆಹಾರಕ್ಕೆ ಬಳಸುವಂಥದ್ದನ್ನೇ ಕೊಳ್ಳಿ. ಸೈಕಲ್ ಟೈರಿಗೆ ಹಾಕುವುದರಲ್ಲಿ ಎಣ್ಣೆಯ ಅಂಶ ಇರಬಹುದು. ಇಬ್ಬರಿದ್ದರೆ ಈ ಕೆಲಸ ಸಲೀಸು. ನನ್ನ ಹೆಂಡತಿ ತುಂಬಿಸುತ್ತಾಳೆ, ನಾನು ಗ್ಯಾಸ್ ಬಿಟ್ಟು ಮುಚ್ಚಳ ಒತ್ತುತ್ತೇನೆ. ಹತ್ತು ಬಾಟಲಿ ಸಾಲಾಗಿ ತುಂಬಿಟ್ಟು ಆಮೇಲೆ ಮುಚ್ಚುವುದು ಬೇಡ, ಒಂದು ತುಂಬಿದ ಕೂಡಲೇ ಒಂದು ಮುಚ್ಚಬೇಕು.

ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡಲು ಒಂದೇ ಬ್ಯಾಚಿನಲ್ಲಿ ಕೆಲವು ಬಾಟಲಿಗಳನ್ನು ಮಾಮೂಲಿ ರೀತಿ ಕತ್ತು ಖಾಲಿ ಬಿಟ್ಟು ತುಂಬಿಸಿದೆ, ಉಳಿದವನ್ನು ಹೀಗೆ. ಎರಡಕ್ಕೂ ಅದೇ ಸಕ್ಕರೆ, ಅದೇ ಕಪಾಟು. ಒಂದು ತಿಂಗಳು ಕಳೆದ ಮೇಲೆ ಎರಡು ಗ್ಲಾಸಿಗೆ ಸುರಿದೆ. ಒಂದು ಹೊಂಬಣ್ಣ, ಇನ್ನೊಂದು ಡಿಕಾಕ್ಷನ್ ಕಡೆಗೆ ತಿರುಗಿತ್ತು. ಹುಬ್ಬಳ್ಳಿ ಕಡೆಯ ಗೆಳೆಯ ಏನೂ ಗೊತ್ತಿಲ್ಲದೆ ಎರಡನ್ನೂ ಮೂಸಿ ನೋಡಿ, "ಏನ್ಲೇ, ಇವೆರಡೂ ಒಂದ ಬಿಯರ್ ಅಂತೀಯಾ?" ಅಂದ. ನೀವೂ ಹೀಗೆ ಹೋಲಿಸಿ ನೋಡಿ. ನನ್ನ ಮಾತಿಗಿಂತ ನಿಮ್ಮ ಮೂಗನ್ನು ನಂಬಿ.

ಕಾರ್ಟ್ರಿಜ್ ಕೂಡ ಬೇಡ ಅನ್ನುವವರಿಗೆ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ಇದೆ. ಬಿಯರ್ ತುಂಬಿಸಿ, ಬಾಟಲಿಯನ್ನು ಹಿಂಡಿ, ಬಿಯರ್ ಬಾಯಿವರೆಗೂ ಏರಿದ ಮೇಲೆ ಮುಚ್ಚಳ ತಿರುಗಿಸಿ. ಗಾಳಿಗೆ ಜಾಗವೇ ಇಲ್ಲ. ಗ್ಯಾಸ್ ಹುಟ್ಟುತ್ತಾ ಬಾಟಲಿ ಮತ್ತೆ ಉಬ್ಬಿಕೊಳ್ಳುತ್ತದೆ, ಗಟ್ಟಿಯಾದಾಗ ಗ್ಯಾಸ್ ತುಂಬಿದೆ ಅಂತಲೂ ಗೊತ್ತಾಗುತ್ತದೆ. ಆದರೆ ಪ್ಲಾಸ್ಟಿಕ್ ಮೂಲಕ ಆಕ್ಸಿಜನ್ ನಿಧಾನವಾಗಿ ಒಳಗೆ ಇಳಿಯುತ್ತದೆ, ಹಾಗಾಗಿ ತಿಂಗಳೊಳಗೆ ಕುಡಿಯುವ ಬಿಯರಿಗೆ ಮಾತ್ರ. ಆಕ್ಸಿಜನ್ ಹೀರುವ ಮುಚ್ಚಳಗಳೂ ಸಿಗುತ್ತವೆ. ಬೆಲೆ ವ್ಯತ್ಯಾಸ ಸ್ವಲ್ಪವೇ, ನಾನು ಬಳಸುತ್ತೇನೆ, ಆದರೆ ಕತ್ತು ಖಾಲಿ ಬಿಟ್ಟು ಮುಚ್ಚಳ ಕಾಪಾಡುತ್ತದೆ ಅಂತ ಕೂರಬೇಡಿ. ಒದ್ದೆಯಾದರೆ ಕೆಲಸ ಶುರು ಮಾಡುತ್ತವೆ, ಅದಕ್ಕೆ ಮೊದಲೇ ನೆನೆಸಿಡಬಾರದು. ಆಕ್ಸಿಜನ್ ಹಿಡಿಯಲು ಕೆಲವರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಅನ್ನುವ ಸಲ್ಫೈಟ್ ಪುಡಿಯನ್ನು ಚಿಟಿಕೆ ಹಾಕುತ್ತಾರೆ. ನಮ್ಮ ಮನೆಗೆ ಬರುವವರಲ್ಲಿ ಅಸ್ತಮಾ ಇರುವವರಿದ್ದಾರೆ, ಸಲ್ಫೈಟ್ ಅಂಥವರಿಗೆ ತೊಂದರೆ ಕೊಡಬಹುದು, ಹಾಗಾಗಿ ನಾನು ಆ ದಾರಿಗೆ ಹೋಗಿಲ್ಲ.

ಮುಚ್ಚಿದ ಮೇಲೆ ಎರಡು ವಾರ 20ರಿಂದ 22 ಡಿಗ್ರಿಯಲ್ಲಿ, ಕತ್ತಲಲ್ಲಿ. ಇಲ್ಲಿ ಬಾಟಲಿಯವರಿಗೆ ಒಂದು ಲಾಭ ಇದೆ. ಒಳಗೆ ಜೀವಂತ ಯೀಸ್ಟ್ ಇದೆ, ಸಕ್ಕರೆ ತಿನ್ನುತ್ತಾ ಉಳಿದ ಆಕ್ಸಿಜನ್‌ನಲ್ಲೂ ಒಂದಿಷ್ಟು ತಿನ್ನುತ್ತದೆ. ಗ್ಯಾಸ್ ತುಂಬಿತು ಅಂದ ದಿನವೇ ಎಲ್ಲ ಫ್ರಿಜ್ಜಿಗೆ. ಬ್ರೂವರಿಗಳಲ್ಲಿ 3-30-300 ಅಂತ ಒಂದು ರೂಢಿಯ ಲೆಕ್ಕ ಇದೆ. 32 ಡಿಗ್ರಿಯಲ್ಲಿ 3 ದಿನಕ್ಕೆ ಎಷ್ಟು ಹಳಸುತ್ತದೋ, 22 ಡಿಗ್ರಿಯಲ್ಲಿ ಅಷ್ಟಕ್ಕೆ 30 ದಿನ ಬೇಕು, 3 ಡಿಗ್ರಿಯಲ್ಲಿ 300 ದಿನ. ಫ್ರಿಜ್ಜಿನಲ್ಲಿ ಜಾಗ ಇಲ್ಲದಿದ್ದರೆ ಬ್ಯಾಚನ್ನೇ ಚಿಕ್ಕದು ಮಾಡಿ ಅಂತ ನಾನು ಹೇಳುತ್ತೇನೆ.

ಸ್ಟೌಟ್, ಪೋರ್ಟರ್ ಥರದ ಕಪ್ಪು ಬಿಯರಿಗೆ ಬಲೂನು, ಕಾರ್ಟ್ರಿಜ್ ಇಷ್ಟೆಲ್ಲ ಮಾಡುವುದಿಲ್ಲ. ಹುರಿದ ಮಾಲ್ಟ್‌ನ ರುಚಿ ಸ್ವಲ್ಪ ಹೊಡೆತ ತಡೆದುಕೊಳ್ಳುತ್ತದೆ. ಕತ್ತು ತುಂಬಿಸುವುದನ್ನು ಮಾತ್ರ ಅದಕ್ಕೂ ಬಿಡುವುದಿಲ್ಲ. ಪೇಲ್ ಏಲ್ ಆದರೆ ನಲ್ಲಿಯಿಂದ ಬಂದ ಮೊದಲ ಎರಡು ಮತ್ತು ಕೊನೆಯ ನಾಲ್ಕೈದು ಬಾಟಲಿಗಳ ಮುಚ್ಚಳಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಡುತ್ತೇನೆ. ಟ್ಯೂಬಿನ ಗಾಳಿ, ತಳದ ಮಡ್ಡಿ ಎಲ್ಲ ಸೇರಿರುವುದು ಅವುಗಳಲ್ಲೇ, ಹಾಗಾಗಿ ಮೊದಲು ತೆಗೆದು ಕುಡಿಯುವುದೂ ಅವನ್ನೇ.