ಊರಿಗೆ ಹೊರಡುವ ಮುಂಚೆ: ಗ್ರೀನ್ ಕಾರ್ಡ್ ಇರುವವರಿಗೆ ದಿನಗಳ ಲೆಕ್ಕ

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದ ಕೂಡಲೇ ನಮ್ಮವರ ಮನಸ್ಸು ಊರಿನ ಕಡೆ ಎಳೆಯುತ್ತದೆ. ತಂಗಿಯ ಮದುವೆ, ಅಪ್ಪನ ಆಪರೇಷನ್, ಸೈಟಿನ ನೋಂದಣಿ, ಏನಾದರೂ ಒಂದು ಇದ್ದೇ ಇರುತ್ತದೆ. ಖಂಡಿತ ಹೋಗಿ ಬನ್ನಿ. ಆದರೆ ಕೆಲವು ತಿಂಗಳು ಅಲ್ಲೇ ಉಳಿಯುವ ಹಾಗಿದ್ದರೆ, ಮುಂದೆ ಸಿಟಿಜನ್‌ಶಿಪ್ ಬೇಕು ಅಂತಿದ್ದರೆ, ಟಿಕೆಟ್ ತೆಗೆಯುವ ಮುಂಚೆ ಇದನ್ನು ಓದಿ.

ಸಿಟಿಜನ್‌ಶಿಪ್ ಅರ್ಜಿಗೆ, ಅಂದರೆ ಎನ್-400ಕ್ಕೆ, ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಬಂದು 5 ವರ್ಷ ಆಗಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಅವರ ಜೊತೆಯಲ್ಲೇ ಇರುವವರಿಗೆ 3 ವರ್ಷ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಕಳೆದ ವರ್ಷಗಳು ಇದಕ್ಕೆ ಸೇರುವುದಿಲ್ಲ, ಹತ್ತು ವರ್ಷ ದುಡಿದಿದ್ದರೂ ಅಷ್ಟೇ. ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಎಂದು ಅಚ್ಚಾಗಿರುವ ತಾರೀಖಿನಿಂದ ಎಣಿಕೆ ಶುರು.

ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ತೊಂದರೆ ಆಗುವುದೇ ಅಲ್ಲಿ.

ಮೊದಲನೆಯದು ಒಟ್ಟು ದಿನಗಳು. 5 ವರ್ಷದಲ್ಲಿ 30 ತಿಂಗಳು, ಅಂದರೆ ಸುಮಾರು 913 ದಿನ, ನೀವು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. 3 ವರ್ಷದ ದಾರಿಯವರಿಗೆ 18 ತಿಂಗಳು. ಇಲ್ಲಿಂದ ವಿಮಾನ ಹತ್ತಿದ ದಿನ, ಮತ್ತೆ ಬಂದಿಳಿದ ದಿನ, ಎರಡೂ ಇಲ್ಲಿದ್ದ ದಿನಗಳೇ.

ಎರಡನೆಯದು ವಾಸ ಮುರಿಯದೆ ಇರುವುದು, ಅಂದರೆ ನಿಮ್ಮ ಮನೆ, ಬದುಕು ಎಡೆಬಿಡದೆ ಅಮೆರಿಕದಲ್ಲೇ ನಡೆದಿರುವುದು. ಒಂದೇ ಸಲಕ್ಕೆ 180 ದಿನಕ್ಕಿಂತ ಜಾಸ್ತಿ ಹೊರಗಿದ್ದರೆ ನಿಮ್ಮ ವಾಸ ಮುರಿದಿದೆ ಎಂದೇ ಅಧಿಕಾರಿ ಹಿಡಿಯುತ್ತಾರೆ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಒಂದು ವರ್ಷ ತುಂಬಿತೋ, ವಾಸ ಮುರಿದೇ ಹೋಯಿತು. ವಿದೇಶದಲ್ಲಿ ಕೆಲಸ ಮಾಡುವ ಕೆಲವರಿಗೆ ಮಾತ್ರ ಎನ್-470 ಎಂಬ ಅರ್ಜಿಯ ಮೂಲಕ ವಿನಾಯಿತಿ ಇದೆ. ಮಿಕ್ಕವರು ವಾಪಸ್ ಬಂದ ಮೇಲೆ, 5 ವರ್ಷದ ದಾರಿಯಲ್ಲಿ, 4 ವರ್ಷ 1 ದಿನ ಕಾಯಬೇಕು. ಆಗಲೂ ಹಿಂದಿನ 5 ವರ್ಷದೊಳಗೆ ಆ ಪ್ರಯಾಣದ ಬಾಲ ಉಳಿದಿರುತ್ತದೆ, ಪ್ರಶ್ನೆ ಬರುತ್ತದೆ. ಇನ್ನೊಂದು ಆರು ತಿಂಗಳು ತಡೆದು ಹಾಕಿದರೆ ನಿರಾಳ.

ನನ್ನ ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ನಾನು ಮೈಸೂರಿನಲ್ಲಿ ಏಳು ತಿಂಗಳು ಇದ್ದೆ. ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದರು. ಕೆಲಸ ಬಿಟ್ಟಿರಲಿಲ್ಲ, ರಜೆಯ ಪತ್ರ ಇತ್ತು. ಬಾಡಿಗೆ ಮನೆಯ ಕರಾರು ನಡೆಯುತ್ತಿತ್ತು, ಹೆಂಡತಿ ಮಕ್ಕಳು ಇಲ್ಲೇ ಇದ್ದರು, ಟ್ಯಾಕ್ಸ್ ಕಟ್ಟಿದ್ದೆ. ಆ ಕಾಗದಗಳೇ ನನ್ನನ್ನು ಉಳಿಸಿದವು. ಅಮ್ಮನ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರವನ್ನೂ ಕೊಟ್ಟಿದ್ದೆ. ಆದರೆ ಅವರು ಹೆಚ್ಚು ನೋಡಿದ್ದು ಇಲ್ಲಿನ ಬದುಕು ಹಾಗೇ ಇತ್ತಾ ಎನ್ನುವುದನ್ನು. ಹೊರಗಿರುವಾಗ ನಾನ್-ರೆಸಿಡೆಂಟ್, ಅಂದರೆ ಅಮೆರಿಕದ ನಿವಾಸಿ ಅಲ್ಲ, ಎಂದು ಟ್ಯಾಕ್ಸ್ ಫೈಲ್ ಮಾಡಬೇಡಿ. ನೂರಿನ್ನೂರು ಡಾಲರ್ ಉಳಿಸಲು ಹೋಗಿ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ರೀ-ಎಂಟ್ರಿ ಪರ್ಮಿಟ್ ಇದ್ದರೆ ಎರಡು ವರ್ಷ ಚಿಂತೆಯಿಲ್ಲ ಅಂತ ಹೇಳುವವರು ತುಂಬಾ ಜನ. ಅದು ಅರ್ಧ ಸತ್ಯ. ಐ-131 ಅರ್ಜಿಯನ್ನು ಇಲ್ಲಿರುವಾಗಲೇ ಹಾಕಿ ಪಡೆಯುವ ಆ ಪರ್ಮಿಟ್, ಒಳಗೆ ಬರಲು ನೆರವಾಗುತ್ತದೆ. ಸಿಟಿಜನ್‌ಶಿಪ್ಪಿನ ಲೆಕ್ಕವನ್ನು ಅದು ಕಾಯುವುದಿಲ್ಲ. ಪರ್ಮಿಟ್ ಇದ್ದರೂ ವರ್ಷ ತುಂಬಿದರೆ ವಾಸ ಮುರಿಯುತ್ತದೆ.

ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದ ಅಪ್ಪ ಅಮ್ಮಂದಿರ ವಿಷಯ ನನಗೆ ಹೆಚ್ಚು ಕಾಡುತ್ತದೆ. ಚಳಿ ಶುರುವಾದರೆ ಅವರಿಗೆ ಇಲ್ಲಿರಲು ಆಗುವುದಿಲ್ಲ, ಪಾಪ. ಐದೂವರೆ ತಿಂಗಳು ಊರು, ಎರಡು ವಾರ ಇಲ್ಲಿ, ಮತ್ತೆ ಊರು. ಆರು ತಿಂಗಳು ದಾಟಿಲ್ಲ ಅಲ್ವಾ ಎನ್ನುತ್ತಾರೆ. ಆದರೆ ಒಟ್ಟು ದಿನ ಎಂದೂ ತುಂಬುವುದಿಲ್ಲ. ಏರ್‌ಪೋರ್ಟಿನಲ್ಲಿ ಅಧಿಕಾರಿ, ನೀವು ನಿಜವಾಗಿ ಇಲ್ಲಿ ವಾಸ ಇದ್ದೀರಾ ಎಂದು ಕೇಳಬಹುದು. ಐ-407 ಎಂಬ ಫಾರಂ ಮುಂದಿಟ್ಟರೆ ಗಾಬರಿಯಲ್ಲಿ ಸಹಿ ಮಾಡಬಾರದು ಅಂತ ಹಿರಿಯರಿಗೆ ಮೊದಲೇ ಹೇಳಿಡಿ. ಅದು ಗ್ರೀನ್ ಕಾರ್ಡನ್ನು ನಾವಾಗಿಯೇ ಬಿಟ್ಟುಕೊಡುವ ಕಾಗದ. ಸಹಿ ಹಾಕದೆ ಇಮಿಗ್ರೇಷನ್ ಜಡ್ಜ್ ಮುಂದೆ ಹೋಗುವ ಹಕ್ಕು ಅವರಿಗಿದೆ.

ಇವತ್ತೇ ಒಂದು ಪುಸ್ತಕ ತೆಗೆದು ಹೋದ ದಿನ, ಬಂದ ದಿನ ಬರೆದಿಡಿ. ಕೆನಡಾಕ್ಕೆ ಎರಡು ದಿನ ಹೋಗಿದ್ದರೂ ಬರೆಯಿರಿ. ಎನ್-400ರಲ್ಲಿ 24 ಗಂಟೆ ಮೀರಿದ ಪ್ರತಿ ಪ್ರಯಾಣವನ್ನೂ ಕೇಳುತ್ತಾರೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ ಹಳೆಯದನ್ನು ಎಸೆಯಬೇಡಿ, ಸೀಲುಗಳೆಲ್ಲ ಅದರಲ್ಲಿರುತ್ತವೆ. 5 ವರ್ಷ ತುಂಬಲು 90 ದಿನ ಇರುವಾಗಲೇ ಅರ್ಜಿ ಹಾಕಬಹುದು. ಆದರೆ ಆ 30 ತಿಂಗಳು ಅರ್ಜಿ ಹಾಕುವ ದಿನಕ್ಕೇ ತುಂಬಿರಬೇಕು. ಲೆಕ್ಕ ಅಂಚಿನಲ್ಲಿದ್ದರೆ ಒಂದೆರಡು ವಾರ ಬಿಟ್ಟು ಹಾಕಿ. ವರ್ಷ ದಾಟಿದ ಪ್ರಯಾಣವಿದ್ದರೆ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ.